ಭೀಮಶ್ಯಾನ ಕೂದಲಿನ ಚೀಲ ಮತ್ತು ದೇಶದೇಶಗಳ ಕಾನೂನು

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಸುದ್ದಿಯನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಒಂದೇ ದಿನಪತ್ರಿಕೆಗೆ ಕಳಿಸಿದೆ. ನಕಾಶೆಯಲ್ಲಿ ಅವು ಒಂದರ ಪಕ್ಕ ಒಂದಿವೆ, ಬಸ್ಸಿನಲ್ಲಿ ಹಾಗಿಲ್ಲ. ಹೊಸದಾಗಿ ಈ ಕೆಲಸಕ್ಕೆ ಸೇರುವವರು ನನ್ನ ಬಳಿ ಬಂದು ದೊಡ್ಡ ಸುದ್ದಿಗಳ ಬಗ್ಗೆ ಕೇಳುತ್ತಾರೆ. ದೊಡ್ಡ ಸುದ್ದಿ ಆದಾಗಲೆಲ್ಲ ನಗರದಿಂದ ದೊಡ್ಡ ವರದಿಗಾರರು ಕಾರಿನಲ್ಲಿ ಬರುತ್ತಿದ್ದರು. ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ಅವರಿಗೆ ತೋರಿಸುವುದಷ್ಟೇ ನನ್ನ ಪಾಲಿನ ಕೆಲಸ. ಹಾಗಾಗಿ ಇಲ್ಲಿ ಸಣ್ಣ ಸಂಗತಿಗಳನ್ನೇ ಬರೆಯುತ್ತೇನೆ.

ನಾನು ಸೇರಿದಾಗ ಸುದ್ದಿ ಬಸ್ಸಿನಲ್ಲಿ ಹೋಗುತ್ತಿತ್ತು. ಬರೆದ ಹಾಳೆಗಳನ್ನು ಲಕೋಟೆಗೆ ಹಾಕಿ ಕಂಡಕ್ಟರ್ ಕೈಗೆ ಕೊಟ್ಟರೆ, ಕಲಬುರಗಿ ಬಸ್ ನಿಲ್ದಾಣದಲ್ಲಿ ಕಚೇರಿಯವನು ಇಳಿಸಿಕೊಳ್ಳುತ್ತಿದ್ದ. ಒಮ್ಮೆ ಕಂಡಕ್ಟರ್ ನಿದ್ದೆ ಹೋಗಿ ಲಕೋಟೆ ಡಿಪೋ ಸೇರಿತು; ನನ್ನ ಗ್ರಾಮಸಭೆ ಸುದ್ದಿ ಬಸ್ಸಿನ ಜೊತೆ ತೊಳೆಸಿಕೊಂಡು ಬಂತು. ಆಮೇಲೆ ಫ್ಯಾಕ್ಸ್, ಆಮೇಲೆ ಇ-ಮೇಲ್, ಕೊನೆಗೆ ಮೊಬೈಲ್. ಸುದ್ದಿಯ ವೇಗ ಹೆಚ್ಚಿತು, ತಪ್ಪಿನ ವೇಗವೂ ಹೆಚ್ಚಿತು. ತಿದ್ದುಪಡಿ ಮಾತ್ರ ಬಸ್ಸಿನಲ್ಲೇ ಬರುತ್ತಿತ್ತು.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಆಳಂದದ ಒಂದು ಓಣಿಯ ನೀರಿನ ಟಾಕಿ ಉದ್ಘಾಟನೆ ಸಂಜೆ ಐದಕ್ಕೆ ಇತ್ತು, ಲಕೋಟೆ ಒಯ್ಯುವ ಬಸ್ಸು ನಾಲ್ಕೂವರೆಗೆ. ಆಮಂತ್ರಣ ಪತ್ರಿಕೆ ಮುಂದಿಟ್ಟುಕೊಂಡು ‘ಉದ್ಘಾಟಿಸಿ ಮಾತನಾಡಿದರು’ ಎಂದು ಬರೆದು, ಅವರು ಆಡಬಹುದಾದ ಮಾತನ್ನೂ ಬರೆದು ಕಳಿಸಿಬಿಟ್ಟೆ. ಮುಖ್ಯ ಅತಿಥಿ ಬರಲೇ ಇಲ್ಲ. ಕಾರ್ಯಕ್ರಮ ರದ್ದಾಯಿತು. ಮರುದಿನ ಬೆಳಿಗ್ಗೆ ಆ ಓಣಿಯ ಹೆಂಗಸರು ಕೊಡ ಹಿಡಿದು ನನ್ನ ಮನೆಯ ಮುಂದೆ ನಿಂತರು.

“ಪೇಪರ್‌ನ್ಯಾಗ ನೀರ ಬಂದಾವಂತ. ಎಲ್ಲ್ಯಾವ ತೋರಸ್ರಿ, ತುಂಬಕೊಂಡ ಹೋಗ್ತೇವಿ.”

ಆಗಿನ ಮುಖ್ಯ ಉಪಸಂಪಾದಕರು ಬಹಳ ಶಿಸ್ತಿನ ಮನುಷ್ಯ. ಮೊದಲ ಪುಟದಲ್ಲಿ ಆಗಿದ್ದ ತಪ್ಪಿಗೆ ಆರನೆಯ ಪುಟದಲ್ಲಿ, ‘ಅಂಕಪಟ್ಟಿ ಕಳೆದಿದೆ’ ಜಾಹೀರಾತುಗಳ ಕೆಳಗೆ ಎರಡು ಸಾಲು ಹಾಕಿಸಿದರು: ‘ಕಣ್ತಪ್ಪಿಗೆ ವಿಷಾದಿಸುತ್ತೇವೆ.’ ಪತ್ರಿಕೆಯ ಗೌರವ ಉಳಿಯಬೇಕಲ್ಲ ಎಂದರು. ನನಗೆ ಗೊತ್ತಿರುವಂತೆ ಇಡೀ ತಾಲ್ಲೂಕಿನಲ್ಲಿ ಆ ತಿದ್ದುಪಡಿ ಓದಿದವನು ಒಬ್ಬನೇ, ಅಂಕಪಟ್ಟಿ ಕಳೆದುಕೊಂಡವನು. ಹೆಂಗಸರು ಮತ್ತೆ ಒಂದು ತಿಂಗಳು ಕೊಡ ಹಿಡಿದು ಬಂದರು.

ಈಗ ನನ್ನ ಕೊನೆಯ ವರ್ಷಕ್ಕೆ ಬರುತ್ತೇನೆ. ಅಷ್ಟು ಹೊತ್ತಿಗೆ ಮುಖ್ಯ ಉಪಸಂಪಾದಕರ ಕಾಲ ಮುಗಿದು, ನನಗಿಂತ ಮೂವತ್ತು ವರ್ಷ ಚಿಕ್ಕವರಾದ ಸುದ್ದಿ ಸಂಪಾದಕಿಯೊಬ್ಬರು ಬಂದಿದ್ದರು. ಮೈಸೂರು ಕಡೆಯವರು, ಚುರುಕು. ಒಂದು ದಿನ ಫೋನ್ ಮಾಡಿದರು.

“ಸರ್, ಆನ್‌ಲೈನ್ ಸುರಕ್ಷತೆ ಬಗ್ಗೆ ವಿಶೇಷ ಪುರವಣಿ ಮಾಡ್ತಿದ್ದೀವಿ. ಯಾವ ದೇಶ ಹೇಗೆ ನಿಯಂತ್ರಣ ಮಾಡುತ್ತೆ, ಯಾವುದು ನಮಗೆ ಹೊಂದುತ್ತೆ ಅಂತ ಒಂದು ಲೇಖನ ಬೇಕು. ನೀವು ಬರೀಬೇಕು.”

“ಮೇಡಂ, ನಾನು ತೊಗರಿ ಸುದ್ದಿ ಬರೆಯುವವನು.”

“ಅದಕ್ಕೇ ನಿಮಗೆ ಹೇಳ್ತಿರೋದು. ಗೊತ್ತಿರೋರು ಬರೆದ್ರೆ ಯಾರಿಗೂ ಅರ್ಥ ಆಗಲ್ಲ. ಮತ್ತೆ, ಲೋಕಲ್ ಟಚ್ ಇರಲಿ ಸರ್.”

ಒಂದು ವಾರ ಓದಿದೆ. ನನ್ನ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಜಗತ್ತು ಹೀಗಿತ್ತು. ಅಮೆರಿಕದಲ್ಲಿ ಯಾರು ಏನಾದರೂ ಹೇಳಲಿ. ಬೇರೆಯವರು ಬರೆದದ್ದಕ್ಕೆ ಕಂಪನಿ ಸಾಮಾನ್ಯವಾಗಿ ಹೊಣೆಯಲ್ಲ, ನೊಂದವನು ಕೋರ್ಟಿಗೆ ಹೋಗಲಿ. ಯುರೋಪಿನಲ್ಲಿ ದೊಡ್ಡ ಕಂಪನಿಗಳು ತಮ್ಮಿಂದ ಯಾವ ಯಾವ ಅಪಾಯ ಆಗಬಹುದು ಎಂದು ಮೊದಲೇ ಕುಳಿತು ಪಟ್ಟಿ ಮಾಡಬೇಕು, ಅದನ್ನು ಇನ್ನೊಬ್ಬರು ತಪಾಸಣೆ ಮಾಡಬೇಕು. ಬ್ರಿಟನ್ನಿನವರು ಕಂಪನಿಗೆ ‘ನಿನ್ನ ಬಳಕೆದಾರರನ್ನು ಕಾಯುವುದು ನಿನ್ನ ಕರ್ತವ್ಯ’ ಎಂದು ಹೇಳಿ, ನೋಡಿಕೊಳ್ಳಲು ಒಂದು ಪ್ರಾಧಿಕಾರವನ್ನು ಕೂರಿಸಿದ್ದಾರೆ. ಆಸ್ಟ್ರೇಲಿಯಾ ಹದಿನಾರರ ಒಳಗಿನವರಿಗೆ ಖಾತೆಯೇ ಬೇಡ ಎಂದಿದೆ. ಚೀನಾದಲ್ಲಿ ನಿಜವಾದ ಹೆಸರು ಕೊಟ್ಟು ಒಳಗೆ ಬರಬೇಕು, ಒಳಗೆ ಬಂದವನ ಮೇಲೆ ಕಣ್ಣಿರುತ್ತದೆ. ನಮ್ಮಲ್ಲಿ ಕಂಪನಿ ಒಬ್ಬ ದೂರು ಅಧಿಕಾರಿಯನ್ನು ಇಟ್ಟಿರಬೇಕು. ಸರ್ಕಾರವೋ ಕೋರ್ಟೋ ಹೇಳಿದರೆ ಗೊತ್ತುಮಾಡಿದ ಅವಧಿಯೊಳಗೆ ತೆಗೆಯಬೇಕು. ಓದಿ ಮುಗಿಸಿದಾಗ ನನಗೆ ಅನ್ನಿಸಿದ್ದು ಇಷ್ಟು: ಯಾವ ದೇಶವೂ ಹೊಸದೇನನ್ನೂ ಮಾಡಿಲ್ಲ. ತನ್ನ ಮನೆಯಲ್ಲಿ ಮೊದಲಿನಿಂದ ಹೇಗೆ ಮಾತಾಡುತ್ತಿತ್ತೋ ಹಾಗೆಯೇ ಮೊಬೈಲಿಗೂ ಮಾತಾಡುತ್ತಿದೆ.

ಲೋಕಲ್ ಟಚ್ ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದಾಗ ಅದು ತಾನಾಗಿ ಮೋಟಾರ್ ಸೈಕಲ್ ಮೇಲೆ ಬಂತು.

ಭೀಮಶ್ಯಾ ಊರೂರು ತಿರುಗಿ ಉದುರಿದ ಕೂದಲು ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವನು. ನಮ್ಮ ಕಡೆ ಹೆಂಗಸರು ಬಾಚುವಾಗ ಬಂದ ಕೂದಲನ್ನು ಉಂಡೆ ಕಟ್ಟಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಡುತ್ತಾರೆ. ಅವನು ಬಂದಾಗ ಉಂಡೆಗಳು ಹೊರಬರುತ್ತವೆ, ಲೋಟವೋ ಮುಚ್ಚಳವೋ ಒಳಗೆ ಹೋಗುತ್ತದೆ. ಎರಡು ವರ್ಷದ ಹಿಂದೆ ಅವನ ಬಗ್ಗೆ ನಾನೇ ಒಂದು ಲೇಖನ ಬರೆದಿದ್ದೆ. ಫೋಟೋ ಕೂಡ ನನ್ನದೇ.

ಆ ದಿನ ಅವನು ಗಾಡಿಯಿಂದ ಇಳಿಯಲೇ ಇಲ್ಲ. ಮೊಬೈಲ್ ಚಾಚಿದ.

“ನೋಡ್ರಿ ಪೇಪರ್ ಸಾಹೇಬ್ರ. ಈ ಫೋಟೋ ನಿಮ್ಮದ ಅಲ್ರಿ?”

ನನ್ನದೇ. ಭೀಮಶ್ಯಾ ಹೆಗಲ ಮೇಲೆ ಚೀಲ ಹೊತ್ತು ನಿಂತಿದ್ದಾನೆ. ಚೀಲದ ಬಾಯಿಂದ ಕಪ್ಪು ಕೂದಲು ಇಷ್ಟು ಹೊರಗೆ ಬಂದಿದೆ. ನಾನು ತೆಗೆದಾಗ ಅದು ಕೂದಲಿನ ಚೀಲವಾಗಿತ್ತು. ಕೆಳಗಿನ ‘ಕೂದಲು ಕೊಟ್ಟು ಪಾತ್ರೆ ಪಡೆಯಿರಿ’ ಎಂಬ ಶೀರ್ಷಿಕೆಯನ್ನು ಯಾರೋ ಕತ್ತರಿಸಿದ್ದರು. ಕತ್ತರಿಸಿದ ಮೇಲೆ ಅದು ಚೀಲದೊಳಗೆ ತುರುಕಿದ ಮಗುವಿನ ತಲೆಯಂತೆ ಕಾಣುತ್ತಿತ್ತು. ಮೇಲೆ ಕೆಂಪಕ್ಷರ: ‘ಎಚ್ಚರ! ಮಕ್ಕಳ ಕಳ್ಳ ನಮ್ಮ ಭಾಗಕ್ಕೆ ಬಂದಿದ್ದಾನೆ. ಚೀಲ ನೋಡಿ. ಎಲ್ಲರಿಗೂ ಕಳಿಸಿ.’

“ಮೂರೂ ತಾಲೂಕಿನ ಗ್ರೂಪ್‌ನ್ಯಾಗ ತಿರಗಾಕತ್ತದ್ರಿ,” ಎಂದ. “ಮೊನ್ನಿ ಮಾದನಹಿಪ್ಪರಗಾದಾಗ ಹತ್ತ ಮಂದಿ ಸುತ್ತ ನಿಂತು ಗಾಡಿ ಚಾವಿ ಕಸಗೊಂಡ್ರು. ಒಬ್ಬಾಕಿ ಆಯಿ ಬಂದು ‘ಬಿಡ್ರಿ ಲೇ, ಇಂವ ನನ್ನ ತಲಿ ಕೂದ್ಲ ಒಯ್ಯಾಂವ, ತಲಿ ಒಯ್ಯಾಂವಲ್ಲ’ ಅಂತ ಬೈದು ಬಿಡಿಸಿದ್ಳು. ಅವತ್ತ ಆಯಿ ಮನ್ಯಾಗಿದ್ಳು. ಹೊಲಕ್ಕ ಹೋಗಿದ್ರ ನಾ ಇಲ್ಲಿ ಇರ್ತಿದ್ದಿಲ್ರಿ.”

ಅವನು ನಗುತ್ತಲೇ ಹೇಳಿದ. ಕೈ ಮಾತ್ರ ಹ್ಯಾಂಡಲ್ ಬಿಡಲಿಲ್ಲ.

ಮೊದಲು ನಮ್ಮ ದೇಶದ ಪದ್ಧತಿಯನ್ನು ಪರೀಕ್ಷೆ ಮಾಡಿದೆ. ಕಂಪನಿಯ ದೂರು ಫಾರಂ ತುಂಬಿ ಫೋಟೋ ಲಗತ್ತಿಸಿ ಕಳಿಸಿದೆ. ಮರುದಿನವೇ ಉತ್ತರ ಬಂತು: ‘ನಿಮ್ಮ ದೂರನ್ನು ಪರಿಶೀಲಿಸಿದ್ದೇವೆ. ಚಿತ್ರದಲ್ಲಿ ಆಕ್ಷೇಪಾರ್ಹವಾದುದು ಕಂಡುಬಂದಿಲ್ಲ.’ ನಿಜವೇ. ಒಬ್ಬ ಮನುಷ್ಯ, ಒಂದು ಚೀಲ. ಆಕ್ಷೇಪಾರ್ಹವಾದದ್ದು ಅದನ್ನು ನೋಡುವವರ ಎದೆಯಲ್ಲಿತ್ತು, ಅದಕ್ಕೆ ಫಾರಂ ಇರಲಿಲ್ಲ. ಪೊಲೀಸರು ದೂರು ಬರೆದುಕೊಂಡು, ಮೊದಲು ಕಳಿಸಿದವನನ್ನು ಹುಡುಕುತ್ತೇವೆ ಎಂದರು. ಅಲ್ಲಿಯವರೆಗೆ ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಭೀಮಶ್ಯಾನಿಗೆ ಮನೆಯಲ್ಲೇ ಇರಲು ಹೇಳಿದರು. ಮನೆಯಲ್ಲಿ ಅವನಿಗೆ ಸಿಗುವುದು ಅವನ ಹೆಂಡತಿಯ ಕೂದಲು ಮಾತ್ರ.

ಅಷ್ಟರಲ್ಲಿ ಲೇಖನ ಎಲ್ಲಿಗೆ ಬಂತು ಎಂದು ಸಂಪಾದಕಿಯ ಫೋನ್ ಬಂತು. ಲೇಖನಕ್ಕೂ ಆಗುತ್ತದೆ, ಭೀಮಶ್ಯಾನಿಗೂ ಆಗುತ್ತದೆ ಎಂದು ನಾನೊಬ್ಬನೇ ಮೂರು ಊರಿಗೆ ಹೊರಟೆ.

ಮೊದಲು ಭೀಮಾ ದಂಡೆಯ ಮಣ್ಣೂರ. ಅಲ್ಲಿ ಊರ ಗ್ರೂಪನ್ನು ನಡೆಸುವವರು ಕಿರಾಣಿ ಅಂಗಡಿಯ ಮಹಿಬೂಬಸಾಬರು. ಅವರ ಗ್ರೂಪಿನಲ್ಲಿ ಅವರೊಬ್ಬರೇ ಬರೆಯಬಹುದು. ಯಾರಿಗೆ ಏನು ಹೇಳಬೇಕಿದ್ದರೂ ಅಂಗಡಿಗೆ ಬಂದು, ಹೆಸರು ಹೇಳಿ, ವಿಷಯ ಹೇಳಬೇಕು. ಅವರು ಬೇಳೆ ಕಟ್ಟುತ್ತಾ ಕೇಳಿ, ಸರಿ ಕಂಡರೆ ಹಾಕುತ್ತಾರೆ. ನನ್ನ ನೋಟ್‌ಬುಕ್ಕಿನ ಚೀನಾ ಪಕ್ಕದಲ್ಲಿ ಮಣ್ಣೂರ ಎಂದು ಗುರುತು ಹಾಕಿಕೊಂಡೆ.

“ಹಂಗಾದರೆ ಈ ಫೋಟೋ ಹೇಗೆ ಬಂತು ಸಾಬರೆ?”

“ನಾನ ಹಾಕೀನ್ರಿ,” ಎಂದರು ಮಹಿಬೂಬಸಾಬರು ತಕ್ಕಡಿಯಿಂದ ಕಣ್ಣೆತ್ತದೆ. “ಅಫಜಲಪುರದಿಂದ ನಮ್ಮ ಅಳಿಯ ಕಳಿಸಿದ್ದ. ಮಕ್ಕಳ ವಿಷಯ. ಜಿಮ್ಮೇದಾರಿ ಅಂತ ಹಾಕಿದೆ.”

ತೊಂದರೆ ಅಲ್ಲೇ ಇತ್ತು. ಸಾಬರು ಸುಮ್ಮಸುಮ್ಮನೆ ಏನೂ ಹಾಕುವುದಿಲ್ಲ ಎಂಬುದು ಇಡೀ ಊರಿಗೆ ಗೊತ್ತು. ಹಾಗಾಗಿ ಅವರು ಹಾಕಿದ ಸುಳ್ಳು ಬೇರೆ ಯಾವ ಊರಿನ ಸುಳ್ಳಿಗಿಂತಲೂ ಗಟ್ಟಿಯಾಗಿತ್ತು. ನಾನು ನಿಜ ಸಂಗತಿ ವಿವರಿಸಿದೆ. ಅವರ ಮುಖ ಸಣ್ಣದಾಯಿತು.

“ತೋಬಾ! ಇಂವ ನಮ್ಮ ಮನಿಗೂ ಬಂದಾನಲ್ರಿ. ನಮ್ಮ ಬೇಗಂ ಎರಡ ಡಬ್ಬಿ ತಗೊಂಡಾಳ.”

“ಮತ್ತೆ ತಪ್ಪು ಅಂತ ಹಾಕಿ.”

“ಅದ ಆಗೂದಿಲ್ರಿ. ಇವತ್ತ ತಪ್ಪ ಅಂದ್ರ ನಾಳಿ ನನ್ನ ಮಾತ ಯಾರ ನಂಬ್ತಾರ? ಇಜ್ಜತ್ ಪ್ರಶ್ನೆ. ಸುಮ್ಮ ಅಳಿಸಿಬಿಡ್ತೇನಿ.”

ಅಳಿಸಿದರು. ಎಲ್ಲರ ಮೊಬೈಲಿನಲ್ಲೂ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದು ಉಳಿಯಿತು. ನಾನು ಚಹಾ ಕುಡಿದು ಮುಗಿಸುವುದರೊಳಗೆ ಎಣ್ಣೆಗೆ ಬಂದ ಹೆಂಗಸು ಇನ್ನೊಬ್ಬಳಿಗೆ ಹೇಳುತ್ತಿದ್ದಳು: “ಮ್ಯಾಲಿನಿಂದ ಒತ್ತಡ ಬಂದು ಅಳಿಸ್ಯಾರಂತ ಬೇ. ಅಂದ್ರ ಖರೇನ ಇರಬೇಕು.” ಮರುದಿನ ಆ ಊರಿನ ಶಾಲೆಗೆ ಅರ್ಧ ಮಕ್ಕಳು ಬರಲಿಲ್ಲ.

ಮಾದನಹಿಪ್ಪರಗಾದಲ್ಲಿ ಗ್ರೂಪ್ ಇರುವುದು ನಿವೃತ್ತ ಹೆಡ್‌ಮಾಸ್ತರ್ ಕಲ್ಯಾಣರಾಯರ ಕೈಯಲ್ಲಿ. ಅವರು ಐದು ಜನರ ಸಮಿತಿ ಮಾಡಿ, ಉದ್ದನೆಯ ಹಾಜರಿ ಪುಸ್ತಕದಲ್ಲಿ ಅಪಾಯಗಳ ಪಟ್ಟಿ ಬರೆಸಿದ್ದರು. ಮೊದಲ ಅಪಾಯ, ಬೆಳಗಿನ ಶುಭೋದಯದ ಹೂವಿನ ಚಿತ್ರಗಳಿಂದ ಮೊಬೈಲ್ ತುಂಬುವುದು. ಎರಡನೆಯದು, ಸಮಿತಿ ಸದಸ್ಯರನ್ನು ಟೀಕಿಸುವುದು. ಮಕ್ಕಳ ಕಳ್ಳನ ಸುದ್ದಿ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಅಪಾಯವನ್ನು ತಡೆಯಲು ಸಮಿತಿಗೆ ಅಧಿಕಾರವಿಲ್ಲ. ಯುರೋಪು ಇಷ್ಟು ಹತ್ತಿರ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಹಿಂದೆ ಒಮ್ಮೆ ಮಾಸ್ತರು ಆಸ್ಟ್ರೇಲಿಯಾವನ್ನೂ ಮಾಡಿ ನೋಡಿದ್ದರು. ಹದಿನಾರರ ಒಳಗಿನವರು ಮನೆಯ ಮೊಬೈಲನ್ನು ಮುಟ್ಟಕೂಡದು ಎಂದು ನಿಯಮ. ಒಂದು ವಾರ ಗ್ರೂಪಿನಲ್ಲಿ ಒಂದೇ ಒಂದು ಸಂದೇಶ ಬರಲಿಲ್ಲ. ಮಾಸ್ತರಿಗೆ ಬಹಳ ಸಂತೋಷ. ಆಮೇಲೆ ತಿಳಿಯಿತು: ಅಜ್ಜ ಅಜ್ಜಿಯರಿಗೆ ಮೊಬೈಲ್ ತೆರೆದು ಓದಿ ಹೇಳುತ್ತಿದ್ದವರೇ ಮೊಮ್ಮಕ್ಕಳು. ನಿಯಮವನ್ನು ಹಿಂದೆಗೆದುಕೊಂಡ ಸಂದೇಶವನ್ನೂ ಓದುವವರಿರಲಿಲ್ಲ. ಮಾಸ್ತರು ಮನೆಮನೆಗೆ ಹೋಗಿ ಹೇಳಿಬಂದರು.

“ನಿಮ್ಮ ಮಾತು ಒಪ್ಪಿದೆ,” ಎಂದರು ಕಲ್ಯಾಣರಾಯರು ಕನ್ನಡಕ ಏರಿಸುತ್ತಾ. “ಆದ್ರ ಒಂದು ಪದ್ಧತಿ ಅಂತ ಅದ ನೋಡ್ರಿ. ದೂರುದಾರ ಖುದ್ದ ಸಮಿತಿ ಮುಂದ ಬಂದು ನಮೂನೆ ಎರಡರಾಗ ಸಹಿ ಮಾಡಬೇಕು.”

“ಮಾಸ್ತರ್, ಅವನು ಊರೊಳಗೆ ಬಂದರೆ ಹೊಡೆಯುತ್ತಾರೆ. ಅದೇ ದೂರು.”

ಕಲ್ಯಾಣರಾಯರು ಯೋಚಿಸಿದರು. “ಹಂಗಾದ್ರ ನಮೂನೆ ಮೂರು ತಯಾರ ಮಾಡಬೇಕಾಗ್ತದ.”

ಮೂರನೆಯದು ಜೇವರ್ಗಿ ಕಡೆಯ ಇಜೇರಿ. ಅಲ್ಲಿ ಗ್ರೂಪುಗಳಿಗೆ ಲೆಕ್ಕವೂ ಇಲ್ಲ, ಯಜಮಾನರೂ ಇಲ್ಲ. ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದು. ಎಲ್ಲದರ ವಿಚಾರಣೆ ನಾಗಮ್ಮನ ಚಹಾ ಹೋಟೆಲಿನಲ್ಲಿ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಬಾಯಿ ಮುಚ್ಚದ ಹತ್ತು ಜನ. ಅಮೆರಿಕ ಎಂದು ಬರೆದುಕೊಂಡು ಕುಳಿತೆ.

ಆಶ್ಚರ್ಯವೆಂದರೆ, ಇಜೇರಿಯಲ್ಲಿ ಸತ್ಯ ಆಗಲೇ ಬಂದಿತ್ತು. ಫೋಟೋ ಬಂದ ದಿನವೇ ಒಬ್ಬ ರೈತ ಅದೇ ಗ್ರೂಪಿನಲ್ಲಿ ‘ಇವನು ಕೂದಲು ಕೊಳ್ಳುವ ಭೀಮಶ್ಯಾ, ನಮ್ಮ ಮನೆಗೆ ಬರುತ್ತಾನೆ’ ಎಂದು ಹಾಕಿದ್ದ. ಅದರ ಮೇಲೆ ಹತ್ತಿಯ ದರ, ಒಂದು ಕ್ರಿಕೆಟ್ ಜಗಳ, ನಾಯಿ ಹಾರ್ಮೋನಿಯಂ ನುಡಿಸುವ ವಿಡಿಯೊ ಎಲ್ಲ ಬಿದ್ದು ಸತ್ಯ ಕೆಳಗೆ ಹೋಗಿತ್ತು.

“ಖರೇ ಬಂದಾಗ ಎಲ್ಲಾರೂ ಊಟಕ್ಕ ಹೋಗಿದ್ರು,” ಎಂದಳು ನಾಗಮ್ಮ ಚಹಾ ಸೋಸುತ್ತಾ. ಐವತ್ತರ ಆಚೆಯ ಹೆಂಗಸು, ಮಾತು ಮೆಣಸಿನಕಾಯಿ. “ನಿಮ್ಮ ಪೇಪರ್‌ನ್ಯಾಗ ತಪ್ಪಾದ್ರ ಏನ ಮಾಡ್ತೀರಿ ಸಾಹೇಬ್ರ?”

“ಆರನೆಯ ಪುಟದಲ್ಲಿ ಹಾಕುತ್ತೇವೆ.”

“ಆರನೇದ್ದು ಯಾರ ಓದ್ತಾರ? ಅದು ಭಜಿ ಕಟ್ಟೂ ಪುಟ. ನಮ್ಮ ಮಾವ ಡಂಗುರ ಹೊಡಿತಿದ್ರು ಈ ಊರಾಗ. ಒಮ್ಮಿ ದನಕ್ಕ ಸೂಜಿ ಹಾಕೂ ಡಾಕ್ಟರ ಸೋಮವಾರ ಬರ್ತಾರಂತ ಸಾರಿದ್ರು. ಅಂವ ಬರೂದು ಬುಧವಾರ. ಸೋಮವಾರ ಇಡೀ ಊರ ಎಮ್ಮಿ ಈ ಚೌಕಿನ್ಯಾಗ! ಬಸ್ಸ ನಿಂತ್ವು, ಒಂದ ಎಮ್ಮಿ ಪೋಸ್ಟ್ ಆಫೀಸಿನೊಳಗ ಹೋತು. ಆಮ್ಯಾಲ ದೈವದವರು, ಊರ ಹಿರ್ಯಾರು, ಕುಂತು ಹೇಳಿದ್ರು: ಯಾವ ಓಣ್ಯಾಗ ಸಾರೀದಿ ಅದ ಓಣ್ಯಾಗ ತಿರುಗು, ಅಷ್ಟ ಜೋರಲೇ ಬಾರಿಸು. ಮೊದಲ ‘ನಂದು ತಪ್ಪಾಗ್ಯದ’ ಅನ್ನು. ಒಳಗಿನವರು ಹೊರಗ ಬಂದು ‘ಕೇಳೀನಿ’ ಅನ್ನೂತನ ಆ ಬಾಗಲಾ ಬಿಡಬ್ಯಾಡ.”

“ಮಾಡಿದರಾ?”

“ಎರಡ ದಿನಾ ತಿರುಗಿದ್ರು. ಆವತ್ತಿನಿಂದ ಸಾಯೂತನ, ಕಾಗದಾ ಎರಡ ಸಲ ಓದಿಸಿಕೊಳ್ಳಲಾರದ ಹಲಗಿ ಮುಟ್ಟಲಿಲ್ಲ.”

ನಾನು ಇದನ್ನು ಬರೆದುಕೊಳ್ಳುತ್ತಿದ್ದೆ. ಆಕೆ ನನ್ನ ಪೆನ್ನಿನ ಮೇಲೆ ಕೈ ಇಟ್ಟಳು.

“ಬರಿಯೂದು ಆಮ್ಯಾಲ. ಆ ಫೋಟೋ ತಗದಾಂವ ಯಾರು?”

“ನಾನು. ಆದರೆ ಶೀರ್ಷಿಕೆ ಸರಿಯಾಗಿಯೇ ಇತ್ತಮ್ಮ. ಕತ್ತರಿಸಿದವನು ಬೇರೆ.”

“ಕತ್ತರಸಾಕ ಬರುವಂಗ ಯಾಕ ಹಾಕಿದ್ರಿ? ಚೀಲದ ಬಾಯಾಗಿನ ಕೂದ್ಲ ನೋಡಿ ನಿಮಗ ಏನೂ ಅನಿಸಲಿಲ್ಲ?”

ಅನ್ನಿಸಿತ್ತು. ಚಿತ್ರ ಎದ್ದು ಕಾಣುತ್ತದೆ ಎಂದೇ ಅನ್ನಿಸಿತ್ತು. ಅದಕ್ಕೇ ಅದನ್ನು ಆರಿಸಿದ್ದೆ. ಹಾಗೆಂದು ಒಪ್ಪಿಕೊಂಡೆ.

“ಹಂಗಾದ್ರ ಮೊದಲ ನೀವ ನಡೀರಿ,” ಎಂದಳು ನಾಗಮ್ಮ. “ಕರೀರಿ ಆ ಭೀಮಶ್ಯಾಗ. ಬಾಜೂಕ ನಾ ಇರ್ತೇನಿ. ಯಾವಾಂವ ಕೈ ಎತ್ತತಾನ ನೋಡೋಣು.”

ಭೀಮಶ್ಯಾ ಮರುದಿನ ಬಂದ. ನಾಗಮ್ಮನ ಮಾವನ ಹಲಗೆಯ ಚರ್ಮ ಹರಿದಿತ್ತು. ಭೀಮಶ್ಯಾನ ಗಾಡಿಯಿಂದಲೇ ಒಂದು ಸ್ಟೀಲ್ ಬೋಗುಣಿ ತೆಗೆದು ನನ್ನ ಕೈಗೆ ಕೊಟ್ಟರು. ಮೊದಲ ಓಣಿಯ ಬಾಯಲ್ಲಿ ನಿಂತು ಬಾರಿಸಿ, ಗಂಟಲು ಸರಿಮಾಡಿಕೊಂಡು ಆರಂಭಿಸಿದೆ: “ಈಚೆಗೆ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುತ್ತಿರುವ ಚಿತ್ರವೊಂದಕ್ಕೆ ಸಂಬಂಧಿಸಿದಂತೆ...”

“ಗ್ವಾಡಿಗಿ ಹೇಳಾಕತ್ತೀರೇನ್ರಿ?” ನಾಗಮ್ಮ ತಡೆದಳು. “ನಂದು ತಪ್ಪಾಗ್ಯದ ಅನ್ರಿ.”

ಮೂವತ್ತು ವರ್ಷದಲ್ಲಿ ನಾನು ‘ವಿಷಾದಿಸುತ್ತೇವೆ’ ಎಂದು ಎಷ್ಟೋ ಸಲ ಬರೆದಿದ್ದೇನೆ. ಅದರಲ್ಲಿ ‘ನಾವು’ ಯಾರು ಎಂದು ಯಾರೂ ಕೇಳಿರಲಿಲ್ಲ. ‘ನಂದು ತಪ್ಪಾಗ್ಯದ’ ಎನ್ನಲು ಎರಡು ಸಲ ಬೋಗುಣಿ ಬಾರಿಸಬೇಕಾಯಿತು. ಹೇಳಿದೆ. ಬಾಗಿಲುಗಳು ತೆರೆದವು. ಭೀಮಶ್ಯಾ ಪ್ರತಿ ಮನೆಯ ಮುಂದೆ ಚೀಲ ಬಿಚ್ಚಿ, ಕೈ ಹಾಕಿ, ಕೂದಲು ಎತ್ತಿ ತೋರಿಸಿದ. ಒಬ್ಬಾಕೆ ಬಗ್ಗಿ ನೋಡಿ, “ಇದರಾಗ ಬಿಳಿ ಕೂದ್ಲ ಬಾಳ ಅದ, ಇದು ನಮ್ಮ ನೆಗೆಣ್ಣೀದು” ಎಂದಳು. ಓರಗಿತ್ತಿ ಒಳಗಿನಿಂದ ಉತ್ತರ ಕೊಟ್ಟಳು. ಕೂದಲಿನ ಬಗ್ಗೆ ಜಗಳ ಹತ್ತಿದ ಮೇಲೆ ಮಕ್ಕಳ ಕಳ್ಳನನ್ನು ಯಾರೂ ನೆನೆಸಲಿಲ್ಲ. “ಕೇಳೇವಿ, ಕೇಳೇವಿ, ಮುಂದ ನಡೀರಿ” ಎಂದರು.

ಮಣ್ಣೂರದಲ್ಲಿ ಮಹಿಬೂಬಸಾಬರ ಅಂಗಡಿಯ ಎದುರೇ ಬಾರಿಸಿದೆ. ಅವರು ಕಟ್ಟೆಯ ಮೇಲೆ ನಿಂತು ನೋಡಿದರು. ನಾನು ತಪ್ಪು ಒಪ್ಪಿಕೊಂಡದ್ದನ್ನು ಕೇಳಿ ಜನ ನಕ್ಕರು. ಒಬ್ಬಾಕೆ ಬಿಸಿಲೆಂದು ಕುಡಿಯಲು ನೀರು ಕೊಟ್ಟಳು.

“ನಿಮ್ಮ ಇಜ್ಜತ್ ಹೋಗಲಿಲ್ಲಲ್ರಿ?” ಎಂದು ಸಾಬರು ಮೆಲ್ಲಗೆ ಕೇಳಿದರು.

“ಇದ್ದಷ್ಟು ಇದೆ ಸಾಬರೆ.”

ಅವರು ಅಂಗಡಿಯ ಶಟರ್ ಅರ್ಧ ಎಳೆದು ಟೋಪಿ ಸರಿಮಾಡಿಕೊಂಡು ಜೊತೆಗೆ ಬಂದರು. ಹಾದಿಯಲ್ಲೇ ಗ್ರೂಪಿಗೆ ತಮ್ಮ ದನಿಯಲ್ಲಿ, “ಮಹಿಬೂಬ ಮಾತಾಡಾಕತ್ತೇನಿ. ನನ್ನ ಗಲತಿ ಆಗ್ಯದ” ಎಂದು ಕಳಿಸಿದರು. ಅವರ ಸುಳ್ಳು ಎಷ್ಟು ಗಟ್ಟಿಯಾಗಿತ್ತೋ ಅವರ ಸತ್ಯವೂ ಅಷ್ಟೇ ಗಟ್ಟಿ ನಿಂತಿತು. ಮರುದಿನ ಮಕ್ಕಳು ಶಾಲೆಗೆ ಬಂದರು, ಬೇಸರದಿಂದ.

ಮಾದನಹಿಪ್ಪರಗಾದಲ್ಲಿ ಕಲ್ಯಾಣರಾಯರು ಊರ ಹೊರಗಿನ ಬಸ್ ನಿಲ್ದಾಣಕ್ಕೇ ಸಮಿತಿಯನ್ನು ಕರೆದುಕೊಂಡು ಬಂದಿದ್ದರು. ನಮೂನೆ ಮೂರು ತಯಾರಾಗಿತ್ತು. ಭೀಮಶ್ಯಾ ಗಾಡಿಯ ಸೀಟಿನ ಮೇಲೆ ಇಟ್ಟು ಸಹಿ ಮಾಡಿದ. ಮಾಸ್ತರು ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮುಂದೆಯೇ ನಡೆದು, ಮನೆಮನೆಯಲ್ಲಿ ‘ಕೇಳಿದ್ದೇನೆ’ ಎಂಬ ಕಾಲಂನಲ್ಲಿ ಸಹಿ, ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಂಡರು. ಬೀಗ ಹಾಕಿದ ಮನೆಗಳಿಗೆ ಮರುದಿನ ಮತ್ತೆ ಹೋದರು. ಒಂದೇ ಒಂದು ಮನೆ ತಪ್ಪಿಲ್ಲ ಎಂದು ಖಾತ್ರಿಯಾಗಿ ಹೇಳಬಲ್ಲ ಊರು ಅದೊಂದೇ.

ನಾನು ಇದನ್ನೆಲ್ಲ ಲೇಖನದಲ್ಲಿ ಬರೆದೆ. ಒಬ್ಬರು ಮಾತು ಹೊರಬೀಳುವ ಮೊದಲೇ ಹಿಡಿಯುತ್ತಾರೆ, ಇನ್ನೊಬ್ಬರು ಬಿದ್ದ ಮೇಲೆ ನೋಡುತ್ತಾರೆ, ಮತ್ತೊಬ್ಬರು ವಯಸ್ಸು ನೋಡುತ್ತಾರೆ, ಮಗದೊಬ್ಬರು ಪಟ್ಟಿ ಮಾಡುತ್ತಾರೆ. ಎಲ್ಲದರಲ್ಲೂ ಒಂದಿಷ್ಟು ಕೆಲಸಕ್ಕೆ ಬರುತ್ತದೆ. ಆದರೆ ಸುಳ್ಳು ಕೇಳಿದವನಿಗೆ ಸತ್ಯ ಕೇಳಿಸಿತೇ ಎಂದು ಬಾಗಿಲಲ್ಲಿ ನಿಂತು ಕೇಳಿದವರು ನಾನು ಕಂಡಂತೆ ಇಜೇರಿಯ ದೈವದವರು ಮಾತ್ರ. ಹಾಗೆಂದು ಬರೆದು ಕಳಿಸಿ, ಸಮಾಧಾನದಿಂದ ಮಲಗಿದೆ.

ಭಾನುವಾರ ಪುರವಣಿ ಬಂತು. ಜಾಹೀರಾತು ಹೆಚ್ಚಾಗಿ ಜಾಗ ಕಡಿಮೆಯಾಗಿತ್ತು. ಮೂರು ಊರಿನ ಕಥೆಯನ್ನು ಪೂರ್ತಿ ತೆಗೆದು, ದೇಶಗಳ ಪಟ್ಟಿಯನ್ನು ಮಾತ್ರ ಉಳಿಸಿದ್ದರು. ಮೇಲೆ ದಪ್ಪಕ್ಷರದಲ್ಲಿ ‘ಮಕ್ಕಳು ಎಷ್ಟು ಸುರಕ್ಷಿತ?’ ಎಂಬ ಶೀರ್ಷಿಕೆ. ಅದರ ಪಕ್ಕದಲ್ಲಿ, ಪುಟ ಕಟ್ಟುವವರು ನನ್ನ ಹೆಸರಿನ ಹಳೆಯ ಕಡತದಿಂದ ಹುಡುಕಿ ತೆಗೆದ ಎದ್ದು ಕಾಣುವ ಚಿತ್ರ: ಭೀಮಶ್ಯಾ, ಹೆಗಲ ಮೇಲೆ ಚೀಲ, ಚೀಲದ ಬಾಯಲ್ಲಿ ಕೂದಲು.

ಬೆಳಿಗ್ಗೆ ಏಳಕ್ಕೆ ಅವನ ಫೋನ್.

“ಸಾಹೇಬ್ರ, ಬೋಗುಣಿ ತರಲ್ಯಾ?”

ಸಂಪಾದಕಿಗೆ ಫೋನ್ ಮಾಡಿದೆ. ಆಕೆ ಪುರವಣಿ ತರಿಸಿ ಆ ಪುಟ ತೆರೆದು ನೋಡಿದರು. ಆಮೇಲೆ, “ನಾಳೆ ಮೊದಲ ಪುಟದಲ್ಲೇ ತಿದ್ದುಪಡಿ ಹಾಕ್ತೀನಿ ಸರ್. ಅದೇ ಅಳತೆಯಲ್ಲಿ” ಎಂದರು. ಇದು ನಮ್ಮ ಪತ್ರಿಕೆಯಲ್ಲಿ ನಾನು ಕಂಡ ಅತಿ ದೊಡ್ಡ ಬದಲಾವಣೆ. ಆದರೂ ಹೇಳಿದೆ: “ಸಾಲದು ಮೇಡಂ. ಪೇಪರ್ ಹೋದ ಓಣಿಗೆ ನಾವೂ ಹೋಗಬೇಕು. ಇಲ್ಲಿಯ ಕಾನೂನು ಹಾಗಿದೆ.”

ಆಕೆ ಬಂದರು. ಅದಕ್ಕಾಗಿ ಇಂದಿಗೂ ಅವರ ಮೇಲೆ ನನಗೆ ಗೌರವ. ಕಾರು ಮಾದನಹಿಪ್ಪರಗಾದ ಓಣಿಯೊಳಗೆ ಹೋಗದ್ದರಿಂದ ಇಳಿದು ನಡೆದರು. ಕಲ್ಯಾಣರಾಯರು ಹೊಸ ಕಾಲಂ ಗೆರೆ ಹಾಕಿ ನಿಂತಿದ್ದರು. ಬೋಗುಣಿ ಬಾರಿಸುವ ಕೆಲಸ ಈ ಸಲ ಸಂಪಾದಕಿಯದು. “ನಂದು ತಪ್ಪಾಗಿದೆ” ಎಂದು ಮೈಸೂರು ಕನ್ನಡದಲ್ಲಿ ಹೇಳಿದರು. ಓಣಿಯವರು ಎರಡು ಸಲ ಹೇಳಿಸಿ ಕೇಳಿದರು, ಕೇಳಲು ಚೆನ್ನಾಗಿದೆ ಎಂದು.

ಕೊನೆಯ ಮನೆ ಭೀಮಶ್ಯಾನನ್ನು ಅಂದು ಬಿಡಿಸಿದ ಆಯಿಯದು; ಹಿಂದಿನ ಸಲ ನಾವು ಬಂದಾಗ ಅದಕ್ಕೆ ಬೀಗ ಹಾಕಿತ್ತು. ಆಕೆ ಹೊರಗೆ ಬಂದು ಗೋಡೆಯ ಸಂದಿಯಿಂದ ಕೂದಲಿನ ಉಂಡೆ ಕಿತ್ತು ಭೀಮಶ್ಯಾನ ಕೈಗೆ ಕೊಟ್ಟು, ಗಾಡಿಯಲ್ಲಿದ್ದ ಲೋಟಗಳನ್ನು ಒಂದೊಂದಾಗಿ ಬಡಿದು ನೋಡಿ ಒಂದನ್ನು ಆರಿಸಿಕೊಂಡಳು. ಅದೆಲ್ಲ ಮುಗಿದ ಮೇಲೆ ಬೋಗುಣಿ ಹಿಡಿದ ಸಂಪಾದಕಿಯನ್ನೂ, ನೋಟ್‌ಬುಕ್ ಹಿಡಿದ ನನ್ನನ್ನೂ ಮೇಲಿನಿಂದ ಕೆಳಗೆ ನೋಡಿದಳು.

“ಇಂವ ಭೀಮಶ್ಯಾ. ನನಗ ಗೊತ್ತ,” ಎಂದಳು. “ಇಂವನ ಬೆನ್ನ ಹತ್ತಿ ಓಣಿ ಓಣಿ ತಿರಗಾಕತ್ತೀರಲ್ಲ, ನೀವ್ಯಾರು?”

ಮೊಮ್ಮಗಳನ್ನು ಸೆರಗಿನ ಹಿಂದೆ ಎಳೆದುಕೊಂಡಳು. ಸುತ್ತಲಿನ ನಾಲ್ಕೈದು ಜನರೂ ನಮ್ಮ ಕಡೆ ತಿರುಗಿದರು. ಸಂಪಾದಕಿ ನನ್ನನ್ನು ನೋಡಿದರು. ನಾನು ಗುರುತಿನ ಚೀಟಿಗಾಗಿ ಜೇಬು ತಡಕಿದೆ. ಅದರ ಅವಧಿ ಮುಗಿದಿತ್ತು.

“ನಮ್ಮವರ ಬೇ ಆಯಿ,” ಎಂದ ಭೀಮಶ್ಯಾ, ಚೀಲದ ಬಾಯಿ ಬಿಗಿಯಾಗಿ ಕಟ್ಟುತ್ತಾ. “ನಾ ಬಲ್ಲೆ. ಏನೂ ಮಾಡೂದಿಲ್ಲ.”

ಆಯಿ ಇನ್ನೊಂದು ಸಲ ನಮ್ಮನ್ನು ನೋಡಿದಳು. “ಕೇಳೀನಿ,” ಎಂದಳು. ಕಲ್ಯಾಣರಾಯರು ಪುಸ್ತಕ ಚಾಚಿ ಹೆಬ್ಬೆಟ್ಟು ಹಾಕಿಸಿಕೊಂಡರು.